ನೋವು ಹೋದ ಮೇಲಿನ ಕಾಲು

ನನ್ನ ಎಡಗಾಲು ಮೊದಲ ಸಲ ಹೊರಳಿದ್ದು 2018ರ ಆಗಸ್ಟ್‌ನಲ್ಲಿ, ನಮ್ಮ ಗದ್ದೆಯ ನಾಟಿಯ ದಿನ. ನಾಲೆಗೆ ನೀರು ಬಿಟ್ಟಿದ್ದರಿಂದ ಬದುಗಳೆಲ್ಲ ನೆನೆದು ಮೆತ್ತಗಾಗಿದ್ದವು. ಆಳುಗಳ ಊಟದ ಕುಕ್ಕೆಯನ್ನು ತಲೆಯ ಮೇಲಿಟ್ಟುಕೊಂಡು ಹೋಗುತ್ತಿದ್ದ ನಾನು ಏಡಿಯ ಬಿಲವೊಂದರ ಅಂಚಿಗೆ ಹೆಜ್ಜೆಯಿಟ್ಟೆ. ಅಂಚು ಕುಸಿದು ಪಾದ ಒಳಮುಖವಾಗಿ ಮಡಚಿಕೊಂಡಿತು, ಮೈಭಾರವೆಲ್ಲ ಪಾದದ ಹೊರಅಂಚಿನ ಮೇಲೆ ಬಿದ್ದಿತು. ಸಂಜೆಯ ಹೊತ್ತಿಗೆ ಹೊರಗಿಣ್ಣಿನ ಮುಂದೆ ನಿಂಬೆಹಣ್ಣಿನಷ್ಟು ಊತ ಬಂದಿತ್ತು. ನೆರೆಮನೆಯ ಹಿರಿಯರೊಬ್ಬರು ಬಿಸಿ ಹರಳೆಣ್ಣೆ ಹಚ್ಚಿ, ಬೆರಳುಗಳನ್ನು ಒಂದೊಂದಾಗಿ ಎಳೆದು, ಉಳುಕು ತೆಗೆದೆವೆಂದು ಹೇಳಿ ಹೋದರು. ರಾತ್ರಿ ಎಕ್ಕದ ಎಲೆಯ ಶಾಖ, ಮರುದಿನ ಹುಣಸೆಹಣ್ಣು ಮತ್ತು ಉಪ್ಪನ್ನು ಕುದಿಸಿದ ಪಟ್ಟು. ಹತ್ತನೆಯ ದಿನ ನಾನು ಶಾಲೆಗೆ ಹೊರಟೆ. ನೋವು ಹೋಗಿತ್ತು, ಆದ್ದರಿಂದ ಕಾಲು ಗುಣವಾಯಿತೆಂದು ಮನೆಯವರೂ ನಾನೂ ತೀರ್ಮಾನಿಸಿದೆವು.

ಮುಂದಿನ ಐದು ವರ್ಷಗಳಲ್ಲಿ ಅದೇ ಕಾಲು ಎಷ್ಟು ಸಲ ಹೊರಳಿತೆಂದು ನಾನು ಲೆಕ್ಕವಿಡಲಿಲ್ಲ. ಬಸ್ಸಿನ ಕೊನೆಯ ಮೆಟ್ಟಿಲು, ಶಾಲೆಯ ಅಂಗಳದ ಕಲ್ಲು, ಮುಸ್ಸಂಜೆಯಲ್ಲಿ ಕಾಣದ ಗುಂಡಿ, ಇವೆಲ್ಲವೂ ಒಮ್ಮೊಮ್ಮೆ ಕಾರಣವಾದವು. ವಿಚಿತ್ರವೆಂದರೆ ಪ್ರತಿ ಸಲವೂ ನೋವು ಹಿಂದಿನದಕ್ಕಿಂತ ಕಡಿಮೆಯಿರುತ್ತಿತ್ತು, ಎರಡು ದಿನಗಳಲ್ಲಿ ಮಾಯವಾಗುತ್ತಿತ್ತು. ಕಾಲು ಗಟ್ಟಿಯಾಗುತ್ತಿದೆ ಎಂದೇ ನಾನು ಅದನ್ನು ಅರ್ಥಮಾಡಿಕೊಂಡೆ. ನೆಲವನ್ನೇ ನೋಡುತ್ತಾ ನಡೆಯುವ ಅಭ್ಯಾಸ ಯಾವಾಗ ಹತ್ತಿತೆಂಬುದು ನನಗೇ ತಿಳಿಯದು. ಸಹೋದ್ಯೋಗಿಗಳು ಮೇಷ್ಟ್ರಮ್ಮ ದುಡ್ಡು ಹುಡುಕುತ್ತಾರೆ ಎಂದು ನಗುತ್ತಿದ್ದರು.

2023ರ ಆಗಸ್ಟ್‌ನ ಕೊನೆಯ ಭಾನುವಾರ ನಾವು ನಾಲ್ವರು ಶಿಕ್ಷಕಿಯರು ಮೈಸೂರಿಗೆ ಹೋಗಿ ಚಾಮುಂಡಿ ಬೆಟ್ಟವನ್ನು ಮೆಟ್ಟಿಲುಗಳ ಮೂಲಕವೇ ಹತ್ತಿದೆವು. ಹತ್ತುವಾಗ ಏದುಸಿರು ಬಂದದ್ದನ್ನು ಬಿಟ್ಟರೆ ಬೇರೇನೂ ಆಗಲಿಲ್ಲ. ಇಳಿಯುವಾಗ, ನಂದಿ ಇನ್ನೇನು ಕಾಣಿಸಬೇಕು ಎನ್ನುವಷ್ಟರಲ್ಲಿ, ಸವೆದು ಒಂದು ಬದಿಗೆ ವಾಲಿದ್ದ ಕಲ್ಲಿನ ಮೇಲೆ ಎಡಗಾಲು ಮತ್ತೆ ಹೊರಳಿತು. ಈ ಸಲ ನೋವು ಕಡಿಮೆಯಿರಲಿಲ್ಲ. ಇಬ್ಬರ ಹೆಗಲ ಮೇಲೆ ಕೈಹಾಕಿಕೊಂಡು ನಂದಿಯವರೆಗೆ ಬಂದೆ, ಅಲ್ಲಿಗೆ ರಸ್ತೆಯಿರುವುದರಿಂದ ಆಟೋ ಸಿಕ್ಕಿತು.

ಇಳಿಯುವಾಗಲೇ ಹೀಗೇಕಾಯಿತು ಎಂಬುದಕ್ಕೆ ಉತ್ತರ ಆನಂತರ ದೊರೆಯಿತು. ಕಣಕಾಲಿನ ಕೀಲಿನೊಳಗೆ ಕೂರುವ ಟೇಲಸ್ ಎಂಬ ಮೂಳೆ ಮುಂದುಗಡೆ ಅಗಲವಾಗಿಯೂ ಹಿಂದುಗಡೆ ಕಿರಿದಾಗಿಯೂ ಇದೆ. ಪಾದದ ಮುಂಭಾಗವನ್ನು ಮೇಲಕ್ಕೆ ಎತ್ತಿದಾಗ ಅಗಲದ ಭಾಗ ಎರಡು ಗಿಣ್ಣುಗಳ ನಡುವೆ ಬೆಣೆಯಂತೆ ಬಿಗಿದು ಕೀಲನ್ನು ಗಟ್ಟಿಗೊಳಿಸುತ್ತದೆ. ಮೆಟ್ಟಿಲಿಳಿಯುವಾಗ ಕೆಳಗಿನ ಕಲ್ಲನ್ನು ಮುಟ್ಟಲು ಬೆರಳುಗಳನ್ನು ಕೆಳಕ್ಕೆ ಚಾಚುತ್ತೇವಲ್ಲ, ಆಗ ಕಿರಿದಾದ ಭಾಗ ಆ ಜಾಗಕ್ಕೆ ಬರುತ್ತದೆ, ಬೆಣೆ ಸಡಿಲವಾಗುತ್ತದೆ, ಮತ್ತು ಪಾದ ಒಳಕ್ಕೆ ಮಡಚದಂತೆ ತಡೆಯುವ ಕೆಲಸ ಹೆಚ್ಚಾಗಿ ಹೊರಬದಿಯ ಲಿಗಮೆಂಟುಗಳ, ಅಂದರೆ ಮೂಳೆಯನ್ನು ಮೂಳೆಗೆ ಕಟ್ಟುವ ಪಟ್ಟಿಗಳ, ಮೇಲೆ ಬೀಳುತ್ತದೆ. ಆ ಲಿಗಮೆಂಟುಗಳಲ್ಲಿ ಮೊದಲನೆಯದನ್ನೇ ನಾನು ಐದು ವರ್ಷಗಳ ಹಿಂದೆ ಬದುವಿನ ಮೇಲೆ ಹರಿದುಕೊಂಡಿದ್ದೆ.

ಆಸ್ಪತ್ರೆಯಲ್ಲಿದ್ದ ಯುವ ವೈದ್ಯರು ಊತವನ್ನು ನೋಡಿದ ಕೂಡಲೇ ಎಕ್ಸ್-ರೇಗೆ ಕಳುಹಿಸುತ್ತಾರೆಂದು ನಾನು ಭಾವಿಸಿದ್ದೆ. ಅವರು ಹಾಗೆ ಮಾಡಲಿಲ್ಲ. ಹೊರಗಿಣ್ಣಿನ ಹಿಂದಿನ ಅಂಚನ್ನು ಕೆಳತುದಿಯಿಂದ ಮೇಲಕ್ಕೆ ಸುಮಾರು 6 ಸೆಂಟಿಮೀಟರ್‌ವರೆಗೆ ಒತ್ತುತ್ತಾ ಹೋದರು, ಒಳಗಿಣ್ಣಿನಲ್ಲಿಯೂ ಹಾಗೆಯೇ ಮಾಡಿದರು. ಬಳಿಕ ಕಿರುಬೆರಳಿನ ಸಾಲಿನಲ್ಲಿ ಪಾದದ ನಡುವೆ ಉಬ್ಬಿಕೊಂಡಿರುವ ಮೂಳೆಯ ಬುಡವನ್ನೂ, ಒಳಬದಿಯ ಕಮಾನಿನ ಮೇಲಿರುವ ನವಿಕ್ಯುಲರ್ ಮೂಳೆಯನ್ನೂ ಒತ್ತಿ ನೋಡಿದರು. ನೋವು ಇದ್ದದ್ದು ಗಿಣ್ಣಿನ ಮುಂದಿನ ಮೆತ್ತನೆಯ ಭಾಗದಲ್ಲಿ, ಅವರು ಒತ್ತಿದ ಮೂಳೆಗಳಲ್ಲಿ ಅಲ್ಲ. ಕೊನೆಗೆ ನಾಲ್ಕು ಹೆಜ್ಜೆ ನಡೆಯಲು ಹೇಳಿದರು. ಕುಂಟುತ್ತಾ ನಡೆದೆ. "ಮೂಳೆ ಮುರಿದಿಲ್ಲ ಮೇಡಂ, ಎಕ್ಸ್-ರೇ ಬೇಡ" ಎಂದರು. ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮಗಳು ಇವು, ಇಷ್ಟು ಜಾಗಗಳಲ್ಲಿ ನೋವಿಲ್ಲದೆ ನಾಲ್ಕು ಹೆಜ್ಜೆ ಇಡಬಲ್ಲವರಲ್ಲಿ ಮೂಳೆ ಮುರಿದಿರುವ ಸಾಧ್ಯತೆ ತೀರ ಕಡಿಮೆ ಎಂದು ವಿವರಿಸಿದರು. ನನಗೆ ಸಮಾಧಾನವಾಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಮನೆಗೆ ನೋಡಲು ಬಂದ ನೆಂಟರೆಲ್ಲರೂ ಮೊದಲು ಕೇಳಿದ್ದು ಎಕ್ಸ್-ರೇ ಎಲ್ಲಿ ಎಂದೇ, ಫಿಲ್ಮ್ ಇಲ್ಲದ ಪೆಟ್ಟನ್ನು ಪೆಟ್ಟೆಂದು ನಂಬುವವರು ನಮ್ಮಲ್ಲಿ ಕಡಿಮೆ.

ಹಿಂದೆ ಎಷ್ಟು ಸಲ ಹೀಗಾಗಿದೆ ಎಂದು ಆ ಯುವ ವೈದ್ಯರು ಕೇಳಿದಾಗ ನಾನು ಲೆಕ್ಕ ಹೇಳಲಾಗದೆ ತಡವರಿಸಿದೆ. ಆ ತಡವರಿಕೆಯೇ ಅವರಿಗೆ ಬೇಕಾದ ಉತ್ತರವಾಗಿತ್ತು. ಎರಡು ವಾರಗಳ ನಂತರ, ಊತ ಇಳಿದ ಮೇಲೆ, ಮಂಡ್ಯದಲ್ಲಿ ಮೂಳೆ ವೈದ್ಯರು ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಮುಂದಕ್ಕೆ ಎಳೆದು ನೋಡಿದರು. ಬಲಗಾಲು ಅಲುಗಲಿಲ್ಲ, ಎಡಗಾಲು ಮೇಜಿನ ಡ್ರಾಯರ್‌ನಂತೆ ಕೊಂಚ ಮುಂದಕ್ಕೆ ಬಂತು. ಇದಕ್ಕೆ ಕಣಕಾಲಿನ ದೀರ್ಘಕಾಲದ ಅಸ್ಥಿರತೆ ಎಂದು ಹೆಸರು. ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ, ಮೊದಲು ಮೂರು ತಿಂಗಳು ವ್ಯಾಯಾಮ ಮಾಡಿ ಎಂದು ಫಿಸಿಯೋಥೆರಪಿಗೆ ಚೀಟಿ ಬರೆದರು.

ಈ ನಡುವಿನ ಎರಡು ವಾರಗಳಲ್ಲಿ ಮನೆಯಲ್ಲಿ ನಡೆದ ವಾದದ ಬಗ್ಗೆ ಒಂದು ಮಾತು. ಅತ್ತೆ ಶಾಖ ಕೊಡಬೇಕೆಂದರು, ಡಿಗ್ರಿ ಓದುತ್ತಿರುವ ಮಗ ಐಸ್ ಇಡಬೇಕೆಂದ. ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲನ್ನು ಎತ್ತರಿಸಿಡುವುದು ಎಂಬ ನಾಲ್ಕು ಮಾತಿನ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ಮುಂದೆ, ಐಸ್ ಮತ್ತು ಪೂರ್ಣ ವಿಶ್ರಾಂತಿ ವಾಸಿಯಾಗುವುದನ್ನು ತಡಮಾಡಬಹುದು ಎಂದು ತಮ್ಮ ಮಾತನ್ನು ತಿದ್ದಿಕೊಂಡಿದ್ದಾರೆ. ನೋವು ತಡೆಯಲಾಗದಿದ್ದರೆ ಸ್ವಲ್ಪ ಹೊತ್ತು ಐಸ್ ಇಡಬಹುದು, ಮೊದಲ ಎರಡು ಮೂರು ದಿನ ಶಾಖವೂ ತಿಕ್ಕುವುದೂ ಬೇಡ, ಕ್ರೇಪ್ ಬ್ಯಾಂಡೇಜ್ ಸುತ್ತಿ ಕಾಲನ್ನು ದಿಂಬಿನ ಮೇಲಿಡಿ, ಸಹಿಸಲು ಆಗುವಷ್ಟು ಭಾರ ಹಾಕಿ ಬೇಗ ನಡೆಯಲು ತೊಡಗಿ ಎಂಬುದು ನನಗೆ ದೊರೆತ ಸಲಹೆ. ಇದರಲ್ಲಿ ಅತ್ತೆಯೂ ಗೆಲ್ಲಲಿಲ್ಲ, ಮಗನೂ ಗೆಲ್ಲಲಿಲ್ಲ.

ಫಿಸಿಯೋಥೆರಪಿಯ ಕೊಠಡಿಯಲ್ಲಿ ಮೊದಲ ದಿನ ನಡೆದದ್ದೆಲ್ಲ ಪರೀಕ್ಷೆಯೇ. ಆದರೆ ನಾನು ಅಂಕ ಕೊಟ್ಟು ಅಭ್ಯಾಸವಾದವಳೇ ಹೊರತು ಪಡೆದು ಅಭ್ಯಾಸವಾದವಳಲ್ಲ. ನನ್ನ ಶಿಷ್ಯೆಯ ವಯಸ್ಸಿನ ಥೆರಪಿಸ್ಟ್, ಕಾಲು ಎಷ್ಟು ಸಲ ಜಾರಿದಂತೆ ಅನ್ನಿಸುತ್ತದೆ, ಮೆಟ್ಟಿಲಿಳಿಯುವಾಗ ಹೇಗೆ, ಏರುಪೇರು ನೆಲದಲ್ಲಿ ಹೇಗೆ ಎಂದು ಕೇಳುವ ಪ್ರಶ್ನಾವಳಿಯೊಂದನ್ನು ಕೊಟ್ಟರು. ಪೂರ್ಣಾಂಕ 30, ನನ್ನ ಎಡಗಾಲಿಗೆ ಬಂದದ್ದು 13. ಆಮೇಲೆ ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಬೇಕಾಗಿತ್ತು. ಬಲ ಹೆಬ್ಬೆರಳು ಗೋಡೆಯಿಂದ 10 ಸೆಂಟಿಮೀಟರ್ ದೂರದಲ್ಲಿದ್ದಾಗಲೂ ಮಂಡಿ ಮುಟ್ಟಿತು, ಎಡಗಾಲಿನಲ್ಲಿ 5 ದಾಟಲಿಲ್ಲ. ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು ಬಲಗಾಲಿನಲ್ಲಿ 22 ಸಲ ಆಯಿತು, ಎಡಗಾಲಿನಲ್ಲಿ 6. ಕೊನೆಯದಾಗಿ ಒಂಟಿ ಕಾಲಿನಲ್ಲಿ ನಿಲ್ಲಬೇಕು. ಕಣ್ಣು ತೆರೆದಿದ್ದಾಗ ಎರಡೂ ಕಾಲುಗಳು ಮರ್ಯಾದೆ ಉಳಿಸಿದವು. ಕಣ್ಣು ಮುಚ್ಚಿ ಎಡಗಾಲಿನಲ್ಲಿ ನಿಂತಾಗ ನಾಲ್ಕನೆಯ ಸೆಕೆಂಡಿಗೆ ನಾನು ಥೆರಪಿಸ್ಟಿನ ತೋಳನ್ನು ಹಿಡಿದುಕೊಂಡಿದ್ದೆ.

"ಈಗ ನೋವಿದೆಯಾ ಮೇಡಂ?" ಎಂದು ಅವರು ಕೇಳಿದರು. ಇರಲಿಲ್ಲ. ಐದು ವರ್ಷ ನಾನು ತಪ್ಪು ಓದಿದ್ದು ಇದನ್ನೇ ಎಂದು ಆಗ ಹೊಳೆಯಿತು. ಲಿಗಮೆಂಟ್ ಎಂದರೆ ಮೂಳೆಯನ್ನು ಮೂಳೆಗೆ ಕಟ್ಟಿದ ಹಗ್ಗ ಮಾತ್ರವಲ್ಲ. ಕೀಲು ಈಗ ಯಾವ ಕೋನದಲ್ಲಿದೆ, ಎಷ್ಟು ವೇಗದಲ್ಲಿ ವಾಲುತ್ತಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳೂ ಅದರೊಳಗಿವೆ. ಹಗ್ಗ ಹರಿದಾಗ ಸುದ್ದಿಯ ತಂತಿಯೂ ಕೆಡುತ್ತದೆ. ಬ್ರಿಟನ್ನಿನ ಮೈಕೆಲ್ ಫ್ರೀಮನ್ ಎಂಬ ವೈದ್ಯರು 1965ರಷ್ಟು ಹಿಂದೆಯೇ ಈ ವಿಚಾರವನ್ನು ಮುಂದಿಟ್ಟು, ಅಲುಗಾಡುವ ಹಲಗೆಯ ಮೇಲೆ ನಿಂತು ಅಭ್ಯಾಸ ಮಾಡಿದರೆ ಕಾಲು ಕೈಕೊಡುವುದು ಕಡಿಮೆಯಾಗುತ್ತದೆ ಎಂದು ತೋರಿಸಿದ್ದರು. ಊತ ಮತ್ತು ನೋವು ತಾವಾಗಿಯೇ ಹೋಗುತ್ತವೆ, ಈ ಅರಿವು ಮಾತ್ರ ಕಲಿಸದಿದ್ದರೆ ಎಷ್ಟೋ ಜನರಲ್ಲಿ ಪೂರ್ತಿಯಾಗಿ ಹಿಂದಿರುಗುವುದಿಲ್ಲ. ನಾನು ನೆಲ ನೋಡುತ್ತಾ ನಡೆಯುತ್ತಿದ್ದದ್ದೂ ಇದಕ್ಕಾಗಿಯೇ. ಕಾಲು ಹೇಳದ ಸುದ್ದಿಯನ್ನು ಕಣ್ಣು ಹೇಳುತ್ತಿತ್ತು.

ಮೊದಲ ವಾರಗಳ ಅಭ್ಯಾಸಗಳಲ್ಲಿ ನನಗೆ ಪ್ರಿಯವಾದದ್ದು ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯುವುದು. ಕೊಠಡಿಯ ಗೋಡೆಯ ಮೇಲಿನ ಚಿತ್ರದಲ್ಲಿ ಇಂಗ್ಲಿಷ್ ಅಕ್ಷರಗಳಿದ್ದವು. ಇಪ್ಪತ್ತೊಂದು ವರ್ಷಗಳಿಂದ ಒಂದನೆಯ ತರಗತಿಯ ಮಕ್ಕಳ ಕೈ ಹಿಡಿದು ತಿದ್ದಿಸಿರುವ ನಾನು ಕನ್ನಡದ ಅಕ್ಷರಗಳನ್ನೇ ಬರೆದೆ, ಮತ್ತು ಈ ವ್ಯಾಯಾಮಕ್ಕೆ ನಮ್ಮ ಲಿಪಿಯೇ ಮೇಲು ಎಂದು ಈಗಲೂ ವಾದಿಸುತ್ತೇನೆ. ಗೆರೆಗಳೇ ತುಂಬಿರುವ ಲಿಪಿಯಲ್ಲಿ ಪಾದ ಮೇಲೆ ಕೆಳಗೆ ಹೋಗುತ್ತದೆ, ದುಂಡಾದ ನಮ್ಮ ಅಕ್ಷರಗಳಲ್ಲಿ ಕೀಲು ಎಲ್ಲ ದಿಕ್ಕಿಗೂ ಸುತ್ತಲೇಬೇಕು. 'ಅ' ಮತ್ತು 'ಇ' ಬೇಗ ಒಲಿದವು, 'ಋ' ಬರೆಯುವಾಗ ಮೂರನೆಯ ವಾರದಲ್ಲಿಯೂ ಕಾಲು ನಡುಗುತ್ತಿತ್ತು. ಇದರ ಜೊತೆಗೆ ರಬ್ಬರ್ ಪಟ್ಟಿಯನ್ನು ಪಾದಕ್ಕೆ ಸುತ್ತಿ ಹೊರಕ್ಕೆ ಎಳೆಯುವ ಅಭ್ಯಾಸವಿತ್ತು. ಕಾಲಿನ ಹೊರಬದಿಯಲ್ಲಿ ಇಳಿದು ಗಿಣ್ಣಿನ ಹಿಂದಿನಿಂದ ಪಾದಕ್ಕೆ ಹೋಗುವ ಪೆರೋನಿಯಲ್ ಸ್ನಾಯುಗಳೇ ಪಾದ ಒಳಕ್ಕೆ ಮಡಚುವಾಗ ಎದುರು ಎಳೆಯುವವು, ಹರಿದ ಲಿಗಮೆಂಟಿನ ಪಾಲಿನ ಕೆಲಸವನ್ನು ಇನ್ನು ಮುಂದೆ ಅವೇ ಹೆಚ್ಚಾಗಿ ಹೊರಬೇಕು.

ಐದನೆಯ ವಾರದಿಂದ ಒಂಟಿ ಕಾಲಿನ ಪರ್ವ ಶುರುವಾಯಿತು. ನೆಲದ ಮೇಲೆ ಪಟ್ಟಿ ಅಂಟಿಸಿ ಮಾಡಿದ ಮೂರು ಗೆರೆಗಳ ನಡುವೆ ಎಡಗಾಲಿನಲ್ಲಿ ನಿಂತು, ಬಲಗಾಲನ್ನು ಮುಂದಕ್ಕೂ ಹಿಂದಿನ ಎರಡು ಮೂಲೆಗಳಿಗೂ ಚಾಚಬೇಕು. ಆಮೇಲೆ ಮೆತ್ತನೆಯ ದಿಂಬಿನ ಮೇಲೆ ನಿಲ್ಲಬೇಕು, ಆಮೇಲೆ ಅಲುಗುವ ಹಲಗೆಯ ಮೇಲೆ. ಮನೆಯಲ್ಲಿ ಹಲ್ಲುಜ್ಜುವಾಗಲೂ ಒಂಟಿ ಕಾಲು. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಊರ ಮರಗಳ ಮೇಲೆ ಎಷ್ಟು ಹೊತ್ತಾದರೂ ಹಾಗೆ ನಿಲ್ಲುವುದನ್ನು ಕಂಡಿರುವ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಆ ಕೊಠಡಿಯಲ್ಲಿ ನನ್ನ ಜೊತೆಗಿದ್ದವರನ್ನು ಬಿಟ್ಟು ಈ ಕಥೆ ಹೇಳಲಾಗದು, ಏಕೆಂದರೆ ಕಾಲು ಹೊರಳುವುದು ಒಂದೇ ಆದರೂ ಅದು ಎಲ್ಲರಿಗೂ ಒಂದೇ ಅಲ್ಲವೆಂದು ನಾನು ಕಲಿತದ್ದು ಅವರಿಂದ. ಪಿಯುಸಿ ಓದುವ ಕಬಡ್ಡಿ ಹುಡುಗನೊಬ್ಬ ಬರುತ್ತಿದ್ದ. ರೈಡಿಗೆ ಹೋದವನ ಕಣಕಾಲನ್ನೇ ಎದುರಾಳಿ ಹಿಡಿಯುವುದು ಆ ಆಟದ ಒಂದು ಪಟ್ಟು, ಹಿಡಿದ ಕಾಲು ನೆಲಕ್ಕೆ ಊರಿದ್ದಾಗ ಮೈ ತಿರುಗಿದರೆ ಪೆಟ್ಟು ಗಿಣ್ಣಿನ ಕೆಳಗೆ ಆಗುವುದಿಲ್ಲ, ಮೊಣಕಾಲಿನ ಕೆಳಗಿನ ಎರಡು ಮೂಳೆಗಳನ್ನು ಗಿಣ್ಣಿನ ತುಸು ಮೇಲೆ ಕೂಡಿಸುವ ಬಂಧಕ್ಕೆ ಆಗುತ್ತದೆ. ಅದರಲ್ಲಿ ಊತ ಕಡಿಮೆ, ವಾಸಿಯಾಗುವುದು ಮಾತ್ರ ತಡ. ಊತವೇ ಇಲ್ಲವಲ್ಲ ಎಂದು ಅವನು ಎರಡನೆಯ ವಾರದಲ್ಲಿಯೇ ಅಂಕಣಕ್ಕೆ ಇಳಿಯಲು ಹಟ ಹಿಡಿದಿದ್ದ. ಇನ್ನೊಬ್ಬಳು ಹನ್ನೆರಡು ವರ್ಷದ ಭರತನಾಟ್ಯದ ಹುಡುಗಿ. ಬರಿಗಾಲಿನಲ್ಲಿ ಸಿಮೆಂಟ್ ನೆಲದ ಮೇಲೆ ಕುದಿತ್ತ ಮೆಟ್ಟು ಅಡವು ಮಾಡುವಾಗ, ಅಂದರೆ ಮುಂಗಾಲ ಮೇಲೆ ನೆಗೆದು ಹಿಮ್ಮಡಿ ತಟ್ಟುವಾಗ, ಅವಳ ಕಾಲು ಹೊರಳಿತ್ತು. ನನ್ನ ವಯಸ್ಸಿನಲ್ಲಿ ಹರಿಯುವುದು ಲಿಗಮೆಂಟ್. ಬೆಳೆಯುವ ಮಕ್ಕಳಲ್ಲಿ ಮೂಳೆಯ ತುದಿಯ ಬೆಳವಣಿಗೆಯ ಮೃದ್ವಸ್ಥಿ ಲಿಗಮೆಂಟಿಗಿಂತ ದುರ್ಬಲವಾಗಿರುವುದರಿಂದ ಪೆಟ್ಟು ಅಲ್ಲಿಗೆ ಬೀಳಬಹುದು. ಆದ್ದರಿಂದ ಮಕ್ಕಳ ಉಳುಕನ್ನು ಎಳೆದು ತೆಗೆಯುವ ಕೈಗಳಿಗೆ ಒಪ್ಪಿಸಬಾರದು. ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು, ಅವರ ಗಿಣ್ಣಿನ ಮೂಳೆ ಮುರಿದು ಕೂಡಿತ್ತು. ಅವರಿಗೆ ಬೇಕಾಗಿದ್ದದ್ದು ಓಟವಲ್ಲ, ರಾತ್ರಿ ಬಚ್ಚಲಿಗೆ ಹೋಗಿ ಬೀಳದೆ ಬರುವುದು. ಬೀಳುತ್ತೇನೆಂಬ ಭಯದಿಂದ ಅವರು ಹೆಜ್ಜೆಗಳನ್ನು ಎಷ್ಟು ಚಿಕ್ಕದು ಮಾಡಿಕೊಂಡಿದ್ದರೆಂದರೆ, ಆ ಚಿಕ್ಕ ಹೆಜ್ಜೆಗಳೇ ಅವರನ್ನು ಬೀಳಿಸುವಂತಿದ್ದವು.

ನನ್ನ ಅತ್ತೆ ಆ ಕೊಠಡಿಗೆ ರೋಗಿಯಾಗಿ ಬಂದವರಲ್ಲ, ನನ್ನ ಚೀಲ ಹಿಡಿದುಕೊಳ್ಳಲು ಬಂದವರು. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ, ಮಾತ್ರೆ ತಪ್ಪಿಸುವುದಿಲ್ಲ, ಗದ್ದೆಗೂ ಕೊಟ್ಟಿಗೆಗೂ ಬರಿಗಾಲಿನಲ್ಲಿಯೇ ಓಡಾಡುತ್ತಾರೆ. ಅವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಥೆರಪಿಸ್ಟ್ ಬಗ್ಗಿ ನೋಡಿ, "ಅಜ್ಜಿ, ಇದೇನು ಗಾಯ?" ಎಂದರು. ಎಡಗಾಲಿನ ಕಾಲುಂಗುರದ ಕೆಳಗೆ ಚರ್ಮ ಕಿತ್ತು ಹುಣ್ಣಾಗಿತ್ತು. ಅದು ಇದೆಯೆಂದು ಅತ್ತೆಗೆ ಗೊತ್ತೇ ಇರಲಿಲ್ಲ. ಒಂದೇ ಮನೆಯಲ್ಲಿದ್ದು, ನನ್ನ ಕಾಲಿಗೆ ಮೂರು ವಾರಗಳಿಂದ ಎಲ್ಲರೂ ಸೇವೆ ಮಾಡುತ್ತಿದ್ದ ನಮಗೂ ಗೊತ್ತಿರಲಿಲ್ಲ. "ನೋಯ್ತಾನೇ ಇಲ್ವಲ್ಲವ್ವ, ಇನ್ಯಾಕೆ ತೋರಿಸ್ಬೇಕು?" ಎಂದರು ಅತ್ತೆ. ಐದು ವರ್ಷ ನಾನು ಹೇಳಿಕೊಂಡು ಬಂದದ್ದೂ ಅದೇ ಮಾತು.

ಅದೇ ಕಟ್ಟಡದಲ್ಲಿದ್ದ ವೈದ್ಯೆಯೊಬ್ಬರು ಅತ್ತೆಯನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ಗಡುಸಾದ ನೈಲಾನ್ ಎಳೆಯೊಂದರಿಂದ ಪಾದವನ್ನು ಅಲ್ಲಲ್ಲಿ ಒತ್ತಿದರು. ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಬಾಗುವಂತೆ ಮಾಡಿದ ಎಳೆ ಅದು, ಮುಟ್ಟಿದ್ದು ತಿಳಿದಾಗ ಹೂಂ ಎನ್ನಬೇಕು. ಹೆಬ್ಬೆರಳು, ಬೆರಳುಗಳ ಬುಡ, ಎರಡೂ ಪಾದಗಳು ಮುಗಿದವು. ಅತ್ತೆ ಸುಮ್ಮನೆ ಮಲಗಿದ್ದರು. ಕೊನೆಗೆ ವೈದ್ಯೆ ಎಳೆಯನ್ನು ಪೆಟ್ಟಿಗೆಯಲ್ಲಿಡುವಾಗ, "ಸುರು ಮಾಡವ್ವ, ಎಷ್ಟೊತ್ತು ಮಲಗ್ಲಿ?" ಎಂದರು. ಯಾರೂ ನಗಲಿಲ್ಲ.

ಕಣಕಾಲು ಹೊರಳಿದವರಿಗೆ ಒತ್ತಿ ನೋಡುವ ಆ ಒಟ್ಟಾವಾ ನಿಯಮಗಳು, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ತಿಳಿಯದಾದ ಇಂಥ ಪಾದದಲ್ಲಿ ನಂಬಿಕೆಗೆ ಅರ್ಹವಲ್ಲ ಎಂದು ವೈದ್ಯೆ ಹೇಳಿದರು. ಮೂಳೆ ಮುರಿದಿದ್ದರೂ ಒತ್ತಿದಾಗ ನೋಯದಿರಬಹುದು, ಮುರಿದ ಕಾಲಿನಲ್ಲಿಯೇ ನಾಲ್ಕಲ್ಲ, ನಲವತ್ತು ಹೆಜ್ಜೆ ನಡೆಯಬಹುದು. ಗಾಯವಿಲ್ಲದೆ ಪಾದ ಊದಿ, ಕೆಂಪಾಗಿ, ಮುಟ್ಟಿದರೆ ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಅದು ಶಾರ್ಕೋ ಪಾದದ ಆರಂಭವಾಗಿರಬಹುದು, ಮೂಳೆಗಳು ಒಳಗೊಳಗೆ ಪುಡಿಯಾಗಿ ಪಾದದ ಆಕಾರವೇ ಕೆಡುತ್ತದೆ, ಒಂದು ದಿನವೂ ಕಾಯದೆ ಬನ್ನಿ ಎಂದರು. ಆಮೇಲೆ ಸಲಹೆಗಳ ಸಾಲು. ಮನೆಯೊಳಗೂ ಬರಿಗಾಲು ಬೇಡ, ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಇರಲಿ. ಹಾಕುವ ಮುಂಚೆ ಒಳಗೆ ಕಲ್ಲು ಮುಳ್ಳು ಇದೆಯೇ ಎಂದು ಕೈಯಾಡಿಸಿ. ಬಿಸಿನೀರಿಗೆ ಕಾಲಿಡುವ ಮುಂಚೆ ಮೊಣಕೈಯಿಂದ ಮುಟ್ಟಿ ನೋಡಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಮಧ್ಯಾಹ್ನ ಕಾದ ಕಲ್ಲುಚಪ್ಪಡಿಯ ಮೇಲೆ ದೇವಸ್ಥಾನ ಸುತ್ತುವುದಿದ್ದರೆ ಬೆಳಗ್ಗೆಯೇ ಹೋಗಿ ಬನ್ನಿ. ಪ್ರತಿ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ.

ಇದೆಲ್ಲಕ್ಕೂ ಅತ್ತೆ ತಲೆಯಾಡಿಸಿದರು. ಕಾಲುಂಗುರ ತೆಗೆಯಬೇಕೆಂದಾಗ ಮಾತ್ರ ಕಾಲನ್ನು ಸೆರಗಿನೊಳಗೆ ಎಳೆದುಕೊಂಡರು. "ಗಂಡ ಬದುಕಿರೋವಾಗ ಕಾಲುಂಗುರ ತೆಗೀತಾರೇನವ್ವಾ?" ವೈದ್ಯೆ ವಾದಿಸದೆ ಗಾಯಕ್ಕೆ ಪಟ್ಟಿ ಕಟ್ಟಿ ಕಳುಹಿಸಿದರು. ಆ ರಾತ್ರಿ ಊಟದ ಹೊತ್ತಿನಲ್ಲಿ ಮಾವ, ಯಾರ ಮುಖವನ್ನೂ ನೋಡದೆ, "ನಾನೇ ಹೇಳ್ತಿವ್ನಿ, ತೆಗಿ" ಎಂದರು. ಅತ್ತೆ ಉಂಗುರಗಳನ್ನು ದೇವರ ಗೂಡಿನಲ್ಲಿಟ್ಟರು. ಹುಣ್ಣು ಮಾಯಲು ಏಳು ವಾರ ಬೇಕಾಯಿತು, ನನ್ನ ಲಿಗಮೆಂಟಿಗಿಂತ ಅವರ ಬೆರಳಿನ ಚಿಂತೆಯೇ ನಮಗೆ ದೊಡ್ಡದಾಗಿತ್ತು. ಈಗ ಸಡಿಲವಾದ, ಬಾಯಿ ತೆರೆದ ಉಂಗುರವನ್ನು ಹಬ್ಬದ ದಿನ ಮಾತ್ರ ಹಾಕುತ್ತಾರೆ.

ನನ್ನ ಕಾಲಿನ ಕಥೆ ನೇರವಾಗಿ ಮೇಲೇರಲಿಲ್ಲ. ದಸರಾ ರಜೆಯಲ್ಲಿ ನೆಂಟರು ತುಂಬಿದ್ದರಿಂದ ಹನ್ನೆರಡು ದಿನ ಅಭ್ಯಾಸ ಬಿಟ್ಟೆ. ಕಣ್ಣು ಮುಚ್ಚಿ 19 ಸೆಕೆಂಡು ನಿಲ್ಲುತ್ತಿದ್ದವಳು 9ಕ್ಕೆ ಇಳಿದೆ. ಥೆರಪಿಸ್ಟ್ ಬೈಯಲಿಲ್ಲ, ಪುಸ್ತಕದಲ್ಲಿ ಹಿಂದಿನ ಸಂಖ್ಯೆಯ ಪಕ್ಕದಲ್ಲಿಯೇ ಹೊಸದನ್ನು ಬರೆದು ತೋರಿಸಿದರು, ಅದು ಬೈಗುಳಕ್ಕಿಂತ ಚುರುಕಾಗಿತ್ತು. ಹತ್ತನೆಯ ವಾರದಿಂದ ಕುಪ್ಪಳಿಸುವುದು. ಒಂಟಿ ಕಾಲಿನಲ್ಲಿ ಗೆರೆಯಿಂದ ಗೆರೆಗೆ ಹಾರಿ, ಇಳಿದ ಜಾಗದಲ್ಲಿ ಅಲುಗದೆ ನಿಲ್ಲಬೇಕು. ಅವರು ಅದಕ್ಕೆ ಏನೋ ಇಂಗ್ಲಿಷ್ ಹೆಸರು ಹೇಳಿದರು. ನನಗೆ ಅದು ಕುಂಟೆಬಿಲ್ಲೆಯಾಗಿ ಕಂಡಿತು. ಮರುದಿನ ಶಾಲೆಯ ಅಂಗಳದಲ್ಲಿ ಐದನೆಯ ತರಗತಿಯ ಹುಡುಗಿಯರು ಬರೆದಿದ್ದ ಮನೆಗಳಲ್ಲಿ, ಕಣಕಾಲಿಗೆ ಸಪೋರ್ಟ್ ಪಟ್ಟಿ ಹಾಕಿಕೊಂಡು, ಎಡಗಾಲಿನಲ್ಲಿ ಆಡಿದೆ. ನಾಲ್ಕನೆಯ ಮನೆಯಲ್ಲಿ ಗೆರೆ ತುಳಿದೆನೆಂದು ನನ್ನನ್ನು ಔಟು ಮಾಡಿದರು. ಆ ವಯಸ್ಸಿನ ಮಕ್ಕಳು ಕರುಣೆ ತೋರಿಸುವುದಿಲ್ಲ.

ಹದಿಮೂರನೆಯ ವಾರದ ಕೊನೆಗೆ ಆ ಪ್ರಶ್ನಾವಳಿಯಲ್ಲಿ 26 ಬಂದಿತು. ಹಿಮ್ಮಡಿ ಎತ್ತುವುದು 20. ಹಿಮ್ಮಡಿಯನ್ನು ಎಳೆದು ನೋಡಿದರೆ ಕೀಲು ಈಗಲೂ ಕೊಂಚ ಸಡಿಲವೇ, ಅದು ಹೀಗೆಯೇ ಉಳಿಯಬಹುದು ಎಂದಿದ್ದಾರೆ. ಆಮೇಲೆ ಒಮ್ಮೆ ಬಸ್ಸಿಳಿಯುವಾಗ ಪಾದ ವಾಲಿದ್ದುಂಟು. ನಾನು ನೋಡುವುದಕ್ಕೆ ಮೊದಲೇ ಅದು ತಾನಾಗಿ ನೆಟ್ಟಗಾಯಿತು. ಬೆಟ್ಟವನ್ನು ಮೆಟ್ಟಿಲಿನಲ್ಲಿಯೇ ಹತ್ತುತ್ತೇನೆ, ಇಳಿಯುವುದು ಬಸ್ಸಿನಲ್ಲಿ. ಇದನ್ನು ಹೇಡಿತನ ಎನ್ನುವವರೊಡನೆ ನನ್ನ ತಕರಾರಿಲ್ಲ.

ಈಗ ರಾತ್ರಿ ಊಟವಾದ ಮೇಲೆ ಹಜಾರದಲ್ಲಿ ನಾನು ಕಣ್ಣು ಮುಚ್ಚಿ ಎಡಗಾಲಿನಲ್ಲಿ ನಿಲ್ಲುತ್ತೇನೆ, ಅತ್ತೆ ಎಣಿಸುತ್ತಾರೆ. ಅವರು ಎಣಿಸುವ ವೇಗದಲ್ಲಿ ನಾನು ದಿನವೂ ಐವತ್ತು ದಾಟುತ್ತೇನೆ. ಆಮೇಲೆ ನಾನು ಕುಳಿತು ಅವರ ಅಂಗಾಲಿನ ಕೆಳಗೆ ಕೈಗನ್ನಡಿ ಹಿಡಿಯುತ್ತೇನೆ. ಕಳೆದ ಶುಕ್ರವಾರ ಬಲ ಹಿಮ್ಮಡಿಯ ಬಿರುಕಿನ ಪಕ್ಕದಲ್ಲಿ ಕಡುಗೆಂಪು ಚುಕ್ಕೆಯೊಂದು ಕಾಣಿಸಿತು. ನನ್ನ ಎದೆ ಝಲ್ಲೆಂದಿತು, ಅತ್ತೆ ಕೂಡ ಎಣಿಕೆಯ ಹುಮ್ಮಸ್ಸನ್ನು ಬಿಟ್ಟು ಸುಮ್ಮನಾದರು. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಚುಕ್ಕೆ ಬಟ್ಟೆಗೆ ಬಂದಿತು, ಕೆಳಗೆ ಚರ್ಮ ನೆಟ್ಟಗಿತ್ತು. ಬೆಳಗ್ಗೆ ಹೊಸಿಲಿಗೆ ಇಟ್ಟಿದ್ದ ಕುಂಕುಮವನ್ನು ತುಳಿದಿದ್ದರು. "ಚಪ್ಪಲಿ ಹಾಕ್ಕೊಂಡು ಹೊಸಿಲು ಪೂಜೆ ಮಾಡಕ್ಕಾಯ್ತದಾ?" ಎಂದು ಅವರೇ ಮೊದಲು ಜಗಳ ತೆಗೆದರು.